ನಮ್ಮ ಬಾಗಿಲಿಗೆ ನಾನು ಕಟ್ಟಿದ ತೋರಣ

ನಾನು ಚಿಕ್ಕವನಿದ್ದಾಗ ಯುಗಾದಿ ಬಂತೆಂದರೆ ಲಷ್ಕರ್ ಮೊಹಲ್ಲಾದ ನಮ್ಮ ಬೀದಿಯಲ್ಲಿ ಮಾವಿನೆಲೆಗೆ ಎಲ್ಲಿಲ್ಲದ ಬೇಡಿಕೆ. ಬೆಳಗಾಗುವಷ್ಟರಲ್ಲಿ ಎಲ್ಲರ ಬಾಗಿಲಿಗೂ ಹಸಿರು ತೋರಣ, ಪಕ್ಕದಲ್ಲಿ ಬೇವಿನ ಗೊಂಚಲು. ನನಗೆ ಏಳು ತುಂಬಿದ ವರ್ಷ ಮಾತ್ರ ನಮ್ಮ ಬಾಗಿಲು ಬೋಳಾಗಿತ್ತು.

ಅಮ್ಮ ಆಸ್ಪತ್ರೆ ಸೇರಿ ತಿಂಗಳಾಗಿತ್ತು. ನಡುವೆ ನನ್ನನ್ನು ಹದಿನೈದು ದಿನ ನಂಜನಗೂಡಿನ ಅತ್ತೆ ಮನೆಗೆ ಕಳಿಸಿದ್ದರು. ವಾಪಸು ಬಂದರೆ ಅಪ್ಪ ತಲೆ, ಮೀಸೆ ಎರಡೂ ಬೋಳಿಸಿಕೊಂಡು ಜಗಲಿಯ ಮೇಲೆ ಕೂತಿದ್ದರು. ಯಾಕೆ ಎಂದರೆ "ಸೆಕೆ ಕಣೋ" ಅಂದರು. ನಾನು ನಂಬಿದೆ. ಪೆದ್ದ ಅಂತ ನಗಬೇಡಿ, ಅಪ್ಪ ಹೇಳಿದ್ದನ್ನು ನಂಬದೆ ಇನ್ಯಾರ ಮಾತು ನಂಬಲಿ? ಅಮ್ಮ ಯಾವಾಗ ಬರ್ತಾಳೆ ಎಂದು ಅಕ್ಕನನ್ನು ಪೀಡಿಸಿದೆ. "ಹಬ್ಬಕ್ಕೆ ಬರ್ತಾಳೆ, ಸುಮ್ನಿರು" ಅಂದು ಅವಳು ಅಡುಗೆಮನೆಗೆ ಓಡಿದಳು. ಅವಳಿಗೂ ಹನ್ನೆರಡೇ ವರ್ಷ, ಪಾಪ.

ಹಬ್ಬದ ದಿನ ಬೋಳು ಬಾಗಿಲು ನೋಡಿದರೆ ಅಮ್ಮ ಬೈಯದೆ ಬಿಡುತ್ತಾಳೆಯೇ? ಯಾರಿಗೂ ಹೇಳದೆ ಬನ್ನಿಮಂಟಪದ ಕಡೆ ನಡೆದೆ. ಅಲ್ಲೊಂದು ಹಳೇ ಮನೆಯ ಕಾಂಪೌಂಡಿನಲ್ಲಿ ದೊಡ್ಡ ಮಾವಿನ ಮರವಿತ್ತು. ಗೇಟಿನ ಹತ್ತಿರ ನಿಂತಿದ್ದ ಆ ಮನೆಯ ಅಜ್ಜಿಗೆ, "ನಮ್ಮಮ್ಮ ಇವತ್ತು ಆಸ್ಪತ್ರೆಯಿಂದ ಬರ್ತಾಳೆ, ತೋರಣಕ್ಕೆ ಎಲೆ ಬೇಕು" ಎಂದೆ. ಆಕೆ ಖುಷಿಯಾಗಿ ಎರಡು ಕೊಂಬೆ ಬಗ್ಗಿಸಿ ಹಿಡಿದರು. ಕೆಂಪಿರುವೆ ಕಚ್ಚಿ ಕೈಯೆಲ್ಲ ಉರಿಯುತ್ತಿದ್ದರೂ ಅಂಗಿ ತುಂಬ ಎಲೆ ತುಂಬಿಕೊಂಡೆ.

ಮನೆಗೆ ಬಂದು ಹುರಿಗೆ ಎಲೆ ಮಡಿಸಿ ಪೊರಕೆ ಕಡ್ಡಿ ಚುಚ್ಚಿದೆ. ಬೆರಳಿಗೆಲ್ಲ ಸೊನೆ ಅಂಟಿ ಗಮ್ಮೆನ್ನುತ್ತಿತ್ತು. ಸ್ಟೂಲು ಹತ್ತಿ ತೋರಣ ಕಟ್ಟಿದೆ. ಒಂದು ಕಡೆ ಜೋತುಬಿದ್ದಿತ್ತು, ಆದರೂ ನನಗೆ ಹೆಮ್ಮೆಯೋ ಹೆಮ್ಮೆ.

ಆಗ ಹಾಲು ಹಾಕುವ ಅಜ್ಜಿ ಬಂದರು. ಬಾಗಿಲು ನೋಡಿ ಕ್ಯಾನು ಕೆಳಗಿಟ್ಟರು.

"ಅಯ್ಯೋ, ಏನ್ ಮಾಡ್ಬುಟ್ಟೆ ಮಗಾ! ನಿಮ್ಮವ್ವ ಸತ್ತು ಇನ್ನೂ ತಿಂಗ್ಳಾಗಿಲ್ಲ. ವರ್ಷ ತುಂಬೋಗಂಟ ತೋರಣ ಕಟ್ಟಂಗಿಲ್ಲ ಕಣಪ್ಪ, ಬಿಚ್ಚು."

ನನ್ನಿಂದ ಸಾವು ಮುಚ್ಚಿಟ್ಟಿದ್ದಾರೆಂದು ಆಕೆಗೆ ಗೊತ್ತಿರಲಿಲ್ಲ. ಒಳಗಿನಿಂದ ಅಪ್ಪ ಬಂದರು. "ಹೌದಾ ಅಪ್ಪಾ?" ಎಂದೆ. ಅಪ್ಪ ಕೈ ಎತ್ತಿ ತೋರಣ ಬಿಚ್ಚಿ ಒಳಗೆ ತೆಗೆದುಕೊಂಡು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಬೀದಿಯಲ್ಲೆಲ್ಲ ಒಬ್ಬಟ್ಟಿನ ವಾಸನೆ. ನಾನು ಜಗಲಿಯ ಮೇಲೆ ಒಬ್ಬನೇ ಕೂತು ಅತ್ತೆ. ನಾನು ನೊಂದುಕೊಳ್ಳಬಾರದೆಂದು ಮುಚ್ಚಿಟ್ಟರಂತೆ. ಅಮ್ಮನ ಮುಖ ಕೊನೆಗೊಮ್ಮೆ ನೋಡಲೂ ಬಿಡಲಿಲ್ಲವಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮಕ್ಕಳೇ, ಈಗ ಹೆಬ್ಬಾಳದ ನಮ್ಮ ಫ್ಲ್ಯಾಟಿನ ಬಾಗಿಲಿಗೆ ವರ್ಷಪೂರ್ತಿ ಪ್ಲಾಸ್ಟಿಕ್ ತೋರಣ. ಎಲೆ ಹುಡುಕುವ ಕಷ್ಟ ನಿಮಗಿಲ್ಲ, ಇರುವೆ ಕಚ್ಚುವುದೂ ಇಲ್ಲ. ಹೋದ ಕಾರ್ತಿಕದಲ್ಲಿ ನಿಮ್ಮಜ್ಜಿ ತೀರಿಕೊಂಡಾಗ ನಿಮ್ಮಪ್ಪ ನಿಮ್ಮನ್ನು ಸ್ನೇಹಿತರ ಮನೆಗೆ ಕಳಿಸಲು ಹೊರಟಿದ್ದ. ನಾನು ಬಿಡಲಿಲ್ಲ. ಆಟೋ ಬಂದು ನಿಂತಿದ್ದರೂ ವಾಪಸು ಕಳಿಸಿದೆ. ನಿಮ್ಮಿಬ್ಬರನ್ನೂ ಅವಳ ಪಕ್ಕದಲ್ಲೇ ಕೂರಿಸಿಕೊಂಡೆ. ನೀವು ಬಹಳ ಅತ್ತಿರಿ. ಅದಕ್ಕೆ ನಿಮ್ಮಪ್ಪನಿಗೆ ಈಗಲೂ ನನ್ನ ಮೇಲೆ ಮುನಿಸು.

ಈ ಯುಗಾದಿಗೆ ಆ ಪ್ಲಾಸ್ಟಿಕ್ ತೋರಣವನ್ನೂ ತೆಗೆಸಿದೆ. ಎದುರುಮನೆ ಹುಡುಗ ಬಂದು ಯಾಕೆಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಲ್ಲಿ ಚಿಕ್ಕವಳು ನೆಟ್ಟಗೆ ನಿಂತು ಹೇಳಿದಳು: "ನಮ್ಮಜ್ಜಿ ತೀರ್ಕೊಂಡ್ರಲ್ಲ ಕಣೋ, ಅದಕ್ಕೆ ಈ ವರ್ಷ ನಮಗೆ ಹಬ್ಬ ಇಲ್ಲ."

ಅಷ್ಟನ್ನು ನನಗೆ ಹೇಳಲು ನಮ್ಮ ಮನೆಯಲ್ಲಿ ಒಬ್ಬರಿಗೂ ಬಾಯಿ ಬಂದಿರಲಿಲ್ಲ.