ಆರ್ಕಿಡ್ ಹೂವಿಗೆ ಕಟ್ಟಿದ ದಾರ

ಹಿಡಕಲ್ ಡ್ಯಾಮಿನ ಬಂಗಲೇದಾಗ ಮಾಲಿ ಇದ್ದಾಗ ನಾ ಬೆಳೆಸಿದ ಆರ್ಕಿಡ್ ಹೂವು ಎರಡು ಮಳಿಗಾಲ ಕಳದ್ರೂ ಉದುರಿರಲಿಲ್ಲ. ಅದನ್ನ ನೋಡಿದ ಸಾಹೇಬ್ರೂ ಈಗಿಲ್ಲ, ನನ್ನ ಜೋಡಿ ಇದ್ದ ಮಾಲಿನೂ ಇಲ್ಲ.

ಕುಲಗೋಡದಿಂದ ಗೋಕಾಕಕ್ಕ ಹೊಂಟ ಬಸ್ಸಿನ್ಯಾಗ, ಬಾಜೂಕ ಕುಂತಿದ್ದ ಹೆಣ್ಮಗಳಿಗೆ ಇದನ್ನ ಹೇಳಾಕತ್ತಿದ್ದೆ. ನನ್ನ ತೊಡಿ ಮ್ಯಾಲೆ ಮಗಳ ಆರ್ಕಿಡ್ ಗಿಡದ ಪಾಟು ಇತ್ತು. ಗೋಕಾಕದ ನನ್ನ ಮಗಳು ಪರಊರಿಗೆ ಹೋಗುವಾಗ ಅದನ್ನ ನನಗ ಒಪ್ಪಿಸಿ, ಹೂವಿದ್ದಂಗ ವಾಪಸ್ ಕೊಡಬೇಕಂತ ಮಾತು ತಗೊಂಡಿದ್ಲು. ಈಗ ಆಕಿ ತಿರುಗಿ ಬಂದಿದ್ಲು, ಕೊಡಾಕ ಹೊಂಟಿದ್ದೆ. ಪಾಟಿನ ಭಾರಕ್ಕ ಮೊಣಕಾಲು ಸೋತಿದ್ದವು. ಬಾಯಿ ಮಾತ್ರ ಇನ್ನೂ ಸೋತಿರಲಿಲ್ಲ.

"ಕಣಗಲಾ ಊರಾಗ ನಮ್ಮ ಮನ್ಯಾಗೂ ಆರ್ಕಿಡ್ ಅದಾವ್ರಿ," ಅಂತ ಆ ಹೆಣ್ಮಗಳು ಬಗ್ಗಿ ನೋಡಿದಳು. "ಕಾಕಾ, ಹೂವಿನ ಕುತ್ತಿಗಿಗೆ ದಾರ ಯಾಕ್ರಿ?"

"ಬಸ್ಸಿನ ಗಾಳಿಗೆ ಅದಕ್ಕ ನಿದ್ದಿ ಬರತೈತಿ. ತೂಕಡಿಸಿ ಬೀಳಬಾರದಂತ ಕಟ್ಟೇನಿ."

ಆಕಿ ನಗಲಿಲ್ಲ. ಪಾಟಿನಾಗ ಬೆರಳು ಹಾಕಿ ಕೆದರಿದಳು.

"ಇದ್ದಲಿ ಚೂರಿನ್ಯಾಗ ಬೆಳಿಯೋ ಗಿಡಾನ ಎರಿ ಮಣ್ಣಾಗ ಹುಗದು, ಕಬ್ಬಿಗೆ ಹಾಯಿಸಿದಂಗ ನೀರು ಹಾಯಿಸೀರಿ. ಬೇರು ಕೊಳತು ಹೂವು ಉದುರೇತಿ. ಉದುರಿದ್ದನ್ನ ದಾರದಿಂದ ಗಿಡಕ್ಕ ಕಟಗೊಂಡು ಹೊಂಟೀರಿ. ಹೌದಿಲ್ರಿ?"

ನಾ ಕಿಡಕ್ಯಾಗಿಂದ ಹೊರಗ ನೋಡಿದೆ. ಗೋಕಾಕ ಬಂದೇ ಬಿಟ್ಟಿತ್ತು.

"ಒಂದೆರಡು ಬೇರು ಇನ್ನೂ ಹಸರು ಅದಾವ," ಅಂದ್ಲು. "ಮಣ್ಣು ತಗದು ಇದ್ದಲಿ ಹಾಕಿದ್ರ ಗಿಡ ಬದುಕತೈತಿ. ಮಗಳಿಗೆ ಮಾತ್ರ ಖರೆ ಹೇಳಿಬಿಡ್ರಿ, ಕಾಕಾ."

ನಾ ಟಾವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡೆ.

"ಹೇಳಬಹುದು ತಂಗಿ. ಆದ್ರ ಆಕಿ ನಂಬಂಗಿಲ್ಲ. ನನ್ನ ಬಾಯಾಗ ಆಕಿ ಖರೆ ಮಾತು ಎಂದೂ ಕೇಳಿಲ್ಲ."