ಗೂಟಣ್ಣ ಕಂಬಿ ಹಿಡಿದದ್ದು

ಇಪ್ಪತ್ತೆರಡು ವರ್ಷ ಕಂಡಕ್ಟರ್ ಕೆಲಸ ಮಾಡಿ ಒಂದು ದಿನವೂ ಕಂಬಿ ಹಿಡಿಯದ ಮನುಷ್ಯ ಅವನು. ಓಡುವ ಬಸ್ಸಿನ ನಡುವೆ ನೆಟ್ಟಗೆ ನಿಲ್ಲುತ್ತಿದ್ದ, ಅದಕ್ಕೇ ಜನ ಇಟ್ಟ ಹೆಸರು ಗೂಟಣ್ಣ. ಕೂರುವುದೆಂದರೆ ಆಗದು. ಮನೆಯಲ್ಲೂ ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಲೇ ಉಣ್ಣುವನು.

"ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ರಾ? ಒಂದು ತುತ್ತಾದ್ರೂ ಕೂತು ತಿನ್ರಿ," ಅಂತ ಹೆಂಡತಿ ಗೊಣಗುವಳು.

ಅವನ ಗುಟ್ಟು ಇಷ್ಟೇ. ಬಸ್ಸು ಬಲಕ್ಕೆ ತಿರುಗುತ್ತದೆ, ಮೈ ಮಾತ್ರ ನಾನು ನೇರವೇ ಹೋಗುತ್ತೇನೆ ಅಂತ ಹಟ ಹಿಡಿಯುತ್ತದೆ. ಆಗ ಎಡಕ್ಕೆ ಯಾರೋ ಎತ್ತಿ ಎಸೆದಂತಾಗುತ್ತದೆ. ಅದಕ್ಕೆ ಮೊದಲೇ ಬಲಗಾಲಿಗೆ ಭಾರ ಹಾಕಿ ಬಲಕ್ಕೆ ವಾಲಿಬಿಡಬೇಕು. ಓದಿದವರು ಇದಕ್ಕೆ ಏನು ಹೆಸರಿಡುತ್ತಾರೋ, ನಿಂತು ನೋಡಲಿ, ಆಮೇಲೆ ಮಾತಾಡಲಿ. ಯಾವ ತಿರುವು ಎಲ್ಲಿ ಅಂತ ಗೂಟಣ್ಣನ ಕಾಲಿಗೇ ಗೊತ್ತು. ಕಣ್ಣು ಟಿಕೆಟ್ ಮೇಲೆ.

ಆ ಕಾಲೇ ಅವನ ಮಾನ ಕಳೆಯಿತು. ಹಳೇ ಹಗ್ಗದ ಕಾರ್ಖಾನೆಯ ಗೋಡೆ ಒಡೆದು ಅಲ್ಲಿನ ತಿರುವನ್ನು ನೇರ ಮಾಡಿದ್ದರು. ಬೆಳಿಗ್ಗೆಯೇ ಡ್ರೈವರ್ ಹೇಳಿದ್ದ, ಇವನು ಹೂಂ ಅಂದಿದ್ದ. ಆದರೂ ಕಾರ್ಖಾನೆ ಗೇಟು ದಾಟುತ್ತಲೇ ಬಲಕ್ಕೆ ವಾಲಿದ. ಬಸ್ಸು ನೇರ ಹೋಯಿತು. ಗೂಟಣ್ಣ ಬಲಬದಿಯ ಸೀಟಲ್ಲಿ ಕೂತಿದ್ದ ದರ್ಜಿಯಮ್ಮನ ಬಟ್ಟೆಗಂಟಿನ ಮೇಲೆ ದೊಪ್ಪನೆ ಬಿದ್ದ.

"ಏಳಪ್ಪಾ, ಹೊಲಿಗೆ ಬಿಚ್ಚೋಗುತ್ತೆ!" ಅಂದಳು ಆಕೆ. ಬಸ್ಸಿಗೆ ಬಸ್ಸೇ ನಕ್ಕಿತು.

ಸಂಜೆ ಡಿಪೋ ಸಾಹೇಬರು ಕರೆಸಿದರು. "ವಯಸ್ಸಾಯ್ತಲ್ರೀ. ನಾಳೆ ನಾನೇ ಬಸ್ಸಲ್ಲಿ ಬರ್ತೀನಿ. ಮತ್ತೆ ಬಿದ್ರೆ, ಕಿಟಕಿ ಹಿಂದೆ ಕೂತು ಪಾಸ್ ಬರೆಯೋ ಕುರ್ಚಿ."

ಕುರ್ಚಿ! ಜೈಲು ಅಂದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

"ಕಂಬಿ ಹಿಡ್ಕೋ ಮಹಾರಾಯ," ಅಂದ ಡ್ರೈವರ್.

"ನೀನು ಸ್ಟೇರಿಂಗ್ ಹಿಡಿ, ಸಾಕು."

ಮರುದಿನ ಸಾಹೇಬರು ಮುಂದಿನ ಸೀಟಲ್ಲಿ. ಗೂಟಣ್ಣನ ಅಂಗಿ ಬೆನ್ನಿಗಂಟಿತ್ತು. ಕಾರ್ಖಾನೆ ಗೇಟು ಬಂತು. ಹಾಳು ಕಾಲು ಮತ್ತೆ ಬಲಕ್ಕೆ ಎಳೆಯಿತು. ಹಲ್ಲು ಕಚ್ಚಿ ತಡೆದ, ಆಗಲಿಲ್ಲ. ಕೈ ತಾನಾಗಿ ಮೇಲೆ ಹೋಗಿ ಕಂಬಿ ಹಿಡಿಯಿತು.

"ಓಹೋ, ಗೂಟ ಸಡಿಲ ಆಯ್ತು!" ಹಿಂದಿನಿಂದ ಒಬ್ಬ ಕೂಗಿದ.

"ಬಾಯ್ಮುಚ್ಚು, ಟಿಕೆಟ್ ತೋರ್ಸು!"

ಸಾಹೇಬರು ಎದ್ದು ಅವನತ್ತ ಬಂದರು. ಏನು ಹೇಳಲಿದ್ದರೋ, ಅಷ್ಟರಲ್ಲಿ ಆಸ್ಪತ್ರೆ ಹತ್ತಿರದ ತಿರುವು. ಬಸ್ಸು ಎಡಕ್ಕೆ ಹೊರಳಿತು, ಸಾಹೇಬರು ಬಲಕ್ಕೆ ಹಾರಿದರು. ಗೂಟಣ್ಣ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅವರ ರಟ್ಟೆ ಹಿಡಿದು ನಿಲ್ಲಿಸಿದ.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಹೀಗೇ ಹಿಡ್ಕೊಂಡು ಕೆಲಸ ಮಾಡಿ. ಕುರ್ಚಿ ಬೇಡ," ಅಂದು ಮುಂದಿನ ಸ್ಟಾಪಲ್ಲಿ ಇಳಿದರು.

ಇಳಿದರಲ್ಲ, ಇನ್ನು ಕಂಬಿ ಬಿಡಬಹುದು ಅಂದುಕೊಂಡ ಗೂಟಣ್ಣ. ಬಿಟ್ಟ, ಹಿಡಿದ, ಮತ್ತೆ ಬಿಟ್ಟ. ವಾಪಸ್ ಬರುವಾಗ ಕಾರ್ಖಾನೆ ಗೇಟು ಕಾಣುತ್ತಲೇ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಎರಡೇ ಬೆರಳಲ್ಲಿ ಕಂಬಿ ಹಿಡಿದ. ಅವತ್ತೂ ಅದೇ ಬಸ್ಸಲ್ಲಿದ್ದ ದರ್ಜಿಯಮ್ಮ ಮಾತ್ರ ಆ ಎರಡು ಬೆರಳು ನೋಡಿ, ಗಂಟನ್ನು ತನ್ನ ಮಡಿಲಿಗೆ ಎಳೆದುಕೊಂಡಳು.