ತಂತಿ ಬಿಚ್ಚಿದ ಮಾಲಿ

ನಮ್ಮ ವಸತಿ ಸಮುಚ್ಚಯದ ಮಾಲಿಗೆ ಅರವತ್ತು ದಾಟಿದೆ. ಹೆಂಡತಿ ತೀರಿಕೊಂಡ ಮೇಲೆ ಪಂಪ್ ಮನೆಯ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಒಂದು ಮಂಚ, ಒಂದು ಸ್ಟೌ. ಮೋಟಾರು ನಿಂತರೆ ಅವರಿಗೆ ನಿದ್ದೆ ಬಾರದಂತೆ. ತಮ್ಮ ಜೊತೆ ಮಾತಾಡುವುದು ಅದೊಂದೇ ಎನ್ನುತ್ತಾರೆ.

ಹೋದ ವರ್ಷ ಗುತ್ತಿಗೆದಾರನ ಕಡೆಯವರು ಒಂದೇ ದಿನದಲ್ಲಿ ಇಪ್ಪತ್ತು ಗಿಡ ನೆಟ್ಟು ಕೈತೊಳೆದುಕೊಂಡರು. ಪ್ರತಿ ಗಿಡಕ್ಕೂ ಒಂದೇ ಗೂಟ, ಕತ್ತು ಹಿಸುಕುವ ಹಾಗೆ ಬಿಗಿದ ತಂತಿ. ವಾರದೊಳಗೆ ಮಾಲಿ ಒಂದೊಂದಾಗಿ ಬಿಚ್ಚತೊಡಗಿದರು. ಬೇರಿಗೆ ತಾಗದಂತೆ ಆಚೀಚೆ ಎರಡು ಗೂಟ ಹೊಡೆದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸಡಿಲವಾಗಿ ಕಟ್ಟುತ್ತಿದ್ದರು. ಗಾಳಿ ಬಂದರೆ ಗಿಡ ತೂಗಾಡುತ್ತಿತ್ತು. ಆಗಷ್ಟೇ ಹೆಜ್ಜೆಯಿಡಲು ಕಲಿತ ನನ್ನ ಮಗಳು ಆಡುವುದು ಅಲ್ಲೇ. ಮಾಲಿಯನ್ನು ತಡೆದು ಕೇಳಿದೆ.

"ತಾತ, ಇದು ಮಗು ಮೇಲೆ ಬಿದ್ರೆ?"

"ಬೀಳಲ್ಲಮ್ಮ. ಅಲ್ಲಾಡಿದ್ರೇನೇ ಬುಡ ಗಟ್ಟಿಯಾಗೋದು. ನೀನೇನು ಮಗಳನ್ನ ಗೋಡೆಗೆ ಕಟ್ಟಿ ನಡೆಯೋದು ಕಲಿಸಿದ್ಯಾ?"

ನನಗೆ ನಗು ಬರಲಿಲ್ಲ. ಮನೆಗೆ ಬಂದವಳೇ ನಿವಾಸಿಗಳ ಸಂಘದ ಕಾರ್ಯದರ್ಶಿಗೆ ದೂರು ಬರೆದೆ.

ಮಾರನೆಯ ದಿನ ಆತ ಮಾಲಿಯನ್ನು ಎಲ್ಲರೆದುರು ಗದರಿದ: "ನೆಟ್ಟವರಿಗಿಂತ ನಿಮಗೇ ಜಾಸ್ತಿ ಗೊತ್ತೇನ್ರೀ? ಒಂದು ಗಿಡ ಬಿದ್ರೂ ಕೆಲಸಾನೂ ಇಲ್ಲ, ಕೋಣೇನೂ ಇಲ್ಲ."

ಮಾಲಿ ಉಳಿದ ಎಂಟು ಗಿಡಗಳ ತಂತಿ ಮುಟ್ಟಲಿಲ್ಲ. ನನ್ನತ್ತ ನೋಡುವುದನ್ನೂ ಬಿಟ್ಟರು.

ತಿಂಗಳ ಮೇಲೆ ಜೋರು ಗಾಳಿ ಬೀಸಿ ಒಂದು ಗಿಡ ಮಗುಚಿತು. ಮಾಲಿಗೆ ಕೋಣೆ ಖಾಲಿ ಮಾಡುವಂತೆ ಹೇಳಿಯಾಯಿತು ಎಂದು ಕೇಳಿ ಮಗಳನ್ನೆತ್ತಿಕೊಂಡು ಓಡಿದೆ. ಬಿದ್ದಿದ್ದು ತಂತಿ ಬಿಗಿದಿದ್ದ ಗಿಡ, ಗೂಟದ ಸಮೇತ. ತಂತಿ ತೊಗಟೆಯೊಳಗೆ ಇಳಿದಿತ್ತು. ಬೇರಿನ ಸುತ್ತಲಿನ ನರ್ಸರಿಯ ಪ್ಲಾಸ್ಟಿಕ್ ಚೀಲವನ್ನೂ ನೆಟ್ಟವರು ಬಿಚ್ಚಿರಲಿಲ್ಲ. ತಾತ ಕಟ್ಟಿದ ಹನ್ನೆರಡೂ ನೆಟ್ಟಗೆ ನಿಂತಿದ್ದವು.

ಕಾರ್ಯದರ್ಶಿಯನ್ನು ಕರೆತಂದು ತೋರಿಸಿದೆ.

"ದೂರು ಕೊಟ್ಟಿದ್ದು ನೀವೇ ಅಲ್ವಾ ಮೇಡಂ?"

"ಹೌದು. ತಪ್ಪು ನಂದೇ."

ಮಾಲಿ ಇಲ್ಲೇ ಇರಲಿ, ಉಳಿದ ತಂತಿಗಳನ್ನೂ ಬಿಚ್ಚಲಿ ಎಂದು ಆತ ಗೊಣಗುತ್ತಲೇ ಒಪ್ಪಿದ. ಸುದ್ದಿ ಹೇಳಲು ಹೋದರೆ ಮಾಲಿ ಆಗಲೇ ಹಾಸಿಗೆ ಸುತ್ತಿಟ್ಟು ಮಂಚದಂಚಿಗೆ ಕೂತಿದ್ದರು. ಹೋಗಲು ಯಾವ ಊರೂ ಇರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆಯೆತ್ತಿ ನನ್ನತ್ತ ನೋಡಿದರು.

"ಮುಂದೆ ಹೆದರಿಕೆ ಆದ್ರೆ ನನ್ನನ್ನೇ ಕೇಳಮ್ಮ. ಇಲ್ಲೇ ಇರ್ತೀನಲ್ಲ, ನನ್ನ ಹತ್ರ ಯಾರೂ ಬರಲ್ಲ."

ಹಾಸಿಗೆ ಬಿಚ್ಚಿ ಹಾಸಿ, ಇಕ್ಕಳ ಹಿಡಿದು ಉಳಿದ ಏಳು ಗಿಡಗಳತ್ತ ನಡೆದರು. ಜೊತೆಗೆ ಬರಲೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.